ಕುಗ್ಗಲೆಂದು ಬಿಟ್ಟದ್ದು

ಕೌಲ್ ಬಜಾರಿನಲ್ಲಿ ಕರೆಂಟು ಹೋದರೆ
ಮೊದಲು ಕಿವಿಗೆ ತಿಳಿಯುತ್ತದೆ.
ಹನ್ನೊಂದು ಮಿಷನ್ನು ಒಟ್ಟಿಗೇ ಬಾಯಿ ಮುಚ್ಚಿ,
ಫ್ಯಾನು ಇನ್ನೆರಡು ಸುತ್ತು ಸುಮ್ಮನೆ ತಿರುಗಿ,
ಆಮೇಲೆ ಎಲ್ಲೋ ದೂರ, ಬ್ರೂಸ್‌ಪೇಟೆಯ ಕಡೆಯಿಂದ,
ಸೋಡಾ ಗಾಡಿಯ ಗಂಟೆ.

ಆ ಹೊತ್ತಿಗೆಂದೇ ಕಿಸೆಯಲ್ಲಿಟ್ಟಿರುತ್ತಿದ್ದೆ
ನಾಕು ಮಡಿಕೆಯ ಕಾಗದ.
ಕಟಿಂಗ್ ಟೇಬಲ್ಲಿನ ಹೆಲ್ಪರು, ಹತ್ತೊಂಬತ್ತರ ಗಾದಿಲಿಂಗ,
ಕವಿ ಎಂದು ಇನ್ನೂ ಯಾರಿಗೂ ಹೇಳಿರದವನು.

ಹೊನ್ನೂರ್‌ಬಿ ಕೇಳಿದಳು: ಏನದು, ಹುಡುಗಿ ಕಾಗದವಾ?
ಅಲ್ಲ, ಪದ್ಯ.
ಓದಪ್ಪ ಹಂಗಾದ್ರೆ. ಕರೆಂಟು ಬರೋ ತನಕ
ಏನು ಮಾಡೋದೈತೆ.

ಓದಿದೆ.
ಅಮ್ಮನ ಮೇಲೆ, ಚಂದ್ರನ ಮೇಲೆ, ಸಾವಿನ ಮೇಲೆ.
ಸಾವು ಅಂದರೆ ಆವರೆಗೆ ನಾನು ಕಂಡದ್ದು
ಪಕ್ಕದ ಮನೆಯ ಟಗರಿನದು ಒಂದೇ.
ಮೂರನೇ ಪುಟಕ್ಕೆ ಅವಳು ಕಣ್ಣು ಮುಚ್ಚಿದಳು.
ಮೈಮರೆತಳು ಅಂದುಕೊಂಡೆ.
ಗೊರಕೆ ಬಂತು.

ಎದ್ದು ಹೇಳಿದ್ದು ಇಷ್ಟು:
ಅಕ್ಷರ ನನಗೆ ಬರಲ್ಲ. ಪ್ಯಾಂಟು ಬರುತ್ತೆ.
ಅಗೋ ನೋಡು, ಆ ಮೂಲೇಲಿ ನಮ್ಮ ವೀರೇಶಿ
ಹೊಸ ಪ್ಯಾಂಟಿನ ಮೊಣಕಾಲಿಗೆ ಉಪ್ಪುಕಾಗದ ಉಜ್ತಾನೆ.
ಯಾರೂ ಇನ್ನೂ ಮೊಣಕಾಲೂರದ ಪ್ಯಾಂಟು
ಹತ್ತು ವರ್ಷ ಬಾಳಿದಂಗೆ ಕಾಣಬೇಕು. ಅದಕ್ಕೇ ಜಾಸ್ತಿ ರೇಟು.
ನಿನ್ನ ಪದ್ಯದಾಗಿನ ದುಃಖ
ಆ ಮೊಣಕಾಲಿನಂಗೈತೆ.

ಸಿಟ್ಟು ಬಂತು. ಕಾಗದ ಮಡಚಿದೆ.
ಅವಳು ದಾರವನ್ನು ಹಲ್ಲಿನಲ್ಲಿ ಕಡಿಯುತ್ತ:
ನಿಜವಾಗಿ ಸವೆದಿರೋದು ಏನು ಗೊತ್ತಾ, ಉಜ್ಜೋನ ಬೆರಳು.
ರೇಷನ್ ಅಂಗಡಿಯ ಮಿಷನ್ನು
ಅವನ ಹೆಬ್ಬೆಟ್ಟನ್ನೇ ಒಪ್ಪಲಿಲ್ಲ,
ಒರೆಸಿ ಒರೆಸಿ ಮೂರು ಸಲ ಇಟ್ಟ,
ಅಕ್ಕಿ ಸಿಗಲಿಲ್ಲ.
ಅದನ್ನ ಬರಿ.

ಬರೆಯಲಿಲ್ಲ, ಆಗ.

ಅವಳ ಮೇಸ್ತ್ರಿ ಮೊದಲ ತಿಂಗಳು
ಹೊಲಿಯಲು ಕೊಡಲೇ ಇಲ್ಲವಂತೆ, ಬರೀ ಬಿಚ್ಚಲು.
ಬಟ್ಟೆಗೆ ನೋವಾಗದಂಗೆ ಬಿಚ್ಚೋದು ಬರಲಿ,
ಆಮೇಲೆ ಸೂಜಿ ಮುಟ್ಟು, ಅಂದನಂತೆ.
ಆ ರಾತ್ರಿ ನಾನು ಚಂದ್ರನನ್ನು ಬಿಚ್ಚಿದೆ.
ಎಳೆ ಎಳೆಯಾಗಿ ಬಂದ.
ಕೆಳಗೆ ಬಟ್ಟೆಯೇ ಇರಲಿಲ್ಲ.

ಇನ್ನೊಂದು ಸಲ, ಬರೆದ ದಿನವೇ ಓದಲು ಓಡಿಬಂದವನಿಗೆ:
ವಾಷಿಂಗಿಗೆ ಹೋಗಿ ಬಂದೈತಾ ಇದು?
ಮೂವತ್ತೆರಡರ ಸೊಂಟಕ್ಕೆ ಮೂವತ್ತೆರಡೇ ಕತ್ತರಿಸಿದರೆ
ತೊಳೆದ ಮೇಲೆ ಬೇಡಿದೋನಿಗೆ ಆಗಲ್ಲ.
ಕುಗ್ಗಲಿ ಅಂತ ಒಂದಿಷ್ಟು ಬಿಟ್ಟಿರಬೇಕು.
ನೀಲಿ ಹರಿಯುವ ಚರಂಡಿ ದಾಟಿ ಮನೆಗೆ ಹೋಗಿ
ಅದನ್ನು ಟ್ರಂಕಿಗೆ ಹಾಕಿದೆ. ತಿಂಗಳಾದ ಮೇಲೆ ತೆಗೆದರೆ
ನಲವತ್ತು ಸಾಲಿನದು ಒಂಬತ್ತಕ್ಕೆ ಬಂದಿತ್ತು.
ಆ ಒಂಬತ್ತನ್ನು ತೊಟ್ಟು ಬೀದಿಗೆ ಇಳಿಯಬಹುದಿತ್ತು.

ಅವಳು ಹೇಳಿದ್ದೆಲ್ಲ ಪದ್ಯಕ್ಕೆ ಹೊಂದಲಿಲ್ಲ, ಅದನ್ನೂ ಹೇಳಬೇಕು.
ಒಂದೇ ಅಳತೆಗೆ ನೂರು ಪೀಸು ತೆಗಿ, ಕೈ ಕೂರುತ್ತೆ ಅಂದಳು.
ಒಂದು ವರ್ಷ ತೆಗೆದೆ. ಕೈ ಕೂತೇಬಿಟ್ಟಿತು.
ಎಬ್ಬಿಸಲು ಎರಡು ವರ್ಷ ಬೇಕಾಯಿತು.

ಈಗ ನನ್ನಲ್ಲಿಗೆ ನೋಟುಬುಕ್ಕು ಹಿಡಿದು ಬರುತ್ತಾರೆ
ಸಿರುಗುಪ್ಪದಿಂದ, ಸಂಡೂರಿನಿಂದ, ಬಸ್ಸಿನ ಧೂಳಿನ ಸಮೇತ.
ಸರ್, ನನ್ನೊಳಗೆ ಐತಾ ಅದು, ಎನ್ನುತ್ತಾರೆ.
ಗೊತ್ತಿಲ್ಲಪ್ಪ.
ನನಗೆ ಗೊತ್ತಿರುವುದು ಒಂದು ಮಧ್ಯಾಹ್ನ ಮಾತ್ರ:

ಗುಡ್ಡದ ಬಂಡೆ ಕಾದು ಅದರ ಝಳ ಕಿಟಕಿಯೊಳಗೆ.
ಹೆಬ್ಬೆಟ್ಟಿನ ಮೇಲೆ ಆರು ಸಾಲು ಓದಿದೆ.
ಯಾರೂ ಗೊರಕೆ ಹೊಡೆಯಲಿಲ್ಲ.
ವೀರೇಶಿ ಉಜ್ಜುವುದು ನಿಲ್ಲಿಸಿ
ತನ್ನ ಬೆರಳನ್ನು ಒಮ್ಮೆ ನೋಡಿಕೊಂಡು
ಅಂಗಿಗೆ ಒರೆಸಿಕೊಂಡ.
ಹೊನ್ನೂರ್‌ಬಿ ಏನೋ ಹೇಳಲು ಬಾಯಿ ತೆರೆದಳು,
ಕರೆಂಟು ಬಂತು.

ಹನ್ನೊಂದು ಮಿಷನ್ನಿನ ಸದ್ದಿನೊಳಗೆ
ಹೊಗಳಿದಳೋ ಬೈದಳೋ ಕೇಳಲಿಲ್ಲ.
ತುಟಿಯಿಂದ ಓದಿಕೊಂಡದ್ದು ಇಷ್ಟು:
ನಾಳೆ ಎರಡಕ್ಕೆ ಮತ್ತೆ ಹೋಗುತ್ತೆ,
ಇನ್ನೊಂದು ತಾ.